ಅಪ್ಪ ಯಾವ ಕೈಯಲ್ಲಿ ಕತ್ತರಿ ಹಿಡಿಯುತ್ತಾರೆ ಅಂತ ಯಾರೂ ಕೇಳಲಿಲ್ಲ

ನೂಲುಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನಿಗೆ 68 ವರ್ಷ. ಟೈಲರ್. ನಲವತ್ತು ವರ್ಷದಿಂದ ಅದೇ ಕೆಲಸ, ಈಗಲೂ ಬಿಟ್ಟಿಲ್ಲ. ಎರಡು ವರ್ಷದಿಂದ ಕಿಡ್ನಿ ನಿಧಾನಕ್ಕೆ ಸೋಲುತ್ತಾ ಬಂದಿದೆ. ನಾಲ್ಕು ತಿಂಗಳ ಹಿಂದೆ ಡಾಕ್ಟರು, "ಇನ್ನು ಸ್ವಲ್ಪ ದಿನಕ್ಕೆ ಡಯಾಲಿಸಿಸ್ ಬೇಕಾಗುತ್ತೆ, ಈಗಲೇ ಕೈಗೆ ಫಿಸ್ಟುಲಾ ಮಾಡಿಟ್ಟುಬಿಡೋಣ" ಅಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೈಯಲ್ಲಿರುವ ಒಂದು ಅಪಧಮನಿಯನ್ನು ಹತ್ತಿರದ ಅಭಿಧಮನಿಗೆ ಸೇರಿಸಿ ಹೊಲಿಯುತ್ತಾರೆ. ಆ ನಾಳ ಹಿಗ್ಗಿ, ಡಯಾಲಿಸಿಸ್ ಸೂಜಿ ತಡೆಯುವಷ್ಟು ಗಟ್ಟಿಯಾಗಬೇಕು. ಅದಕ್ಕೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಮುಂಚಿತವಾಗಿ ಮಾಡುವುದು.

ಆ ದಿನ ಒಂದು ಫಾರಂ ಕೊಟ್ಟರು. ಅಪ್ಪ ಸಹಿ ಹಾಕಿದರು, ಕೆಳಗೆ ನಾನೂ ಹಾಕಿದೆ. ಎಡಗೈಗೆ ಮಾಡಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಈಗ ಆ ಜಾಗ ಮುಟ್ಟಿದರೆ ಒಳಗೆ ಹೊಲಿಗೆ ಮಿಷನ್ ಓಡುತ್ತಿದೆಯೇನೋ ಅನ್ನುವ ಹಾಗೆ ಗುಯ್ ಅಂತ ಅದುರುತ್ತದೆ.

ಆದರೆ ನಮ್ಮಪ್ಪ ಎಡಚರು. ಫಾರಂಗೆ ಸಹಿ ಹಾಕಿದ್ದೂ ಎಡಗೈಯಲ್ಲೇ. ಪೆನ್ನು ಕೊಟ್ಟವರು ಎದುರಿಗೇ ನಿಂತಿದ್ದರು.

ಮೂರು ವಾರ ಕಳೆದ ಮೇಲೆ ಅಪ್ಪ ಕೆಲಸಕ್ಕೆ ಕೂತರು. ಮಡಿಸಿಟ್ಟ ದಪ್ಪ ಬಟ್ಟೆ, ಮೇಲೆ ಸೀಮೆಸುಣ್ಣದ ಗೆರೆ. ಕತ್ತರಿ ಅರ್ಧ ದಾರಿ ಹೋಗಿ ಗೆರೆ ಬಿಟ್ಟು ಆಚೆ ಸರಿಯಿತು. ಬೆರಳು ತಣ್ಣಗಾಗಿತ್ತು, ಹಿಡಿತ ಇರಲಿಲ್ಲ. ಅಪ್ಪ ಏನೂ ಮಾತಾಡದೆ ಬಟ್ಟೆ ಮಡಿಸಿ ಒಳಗಿಟ್ಟರು. "ಎಡಗೈ ಬೇಡ ಅಂತ ಆವತ್ತೇ ಯಾಕೆ ಹೇಳಲಿಲ್ಲಪ್ಪಾ?" ಅಂತ ಕೇಳಿದೆ. "ಅವರು ಕೇಳಲಿಲ್ಲ. ಅವರಿಗೆ ಗೊತ್ತಿರುತ್ತೆ ಅಂದ್ಕೊಂಡೆ" ಅಂದರು.

ಇನ್ನೊಂದು ವಿಷಯ. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಡಯಾಲಿಸಿಸ್ ಇದೆ ಅಂತ ನನಗೆ ಗೊತ್ತಾಗಿದ್ದು ಹೊರಗೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬರಿಂದ. ಒಳಗೆ ಯಾರೂ ಆ ಮಾತೇ ಎತ್ತಿರಲಿಲ್ಲ.

ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ. ಇನ್ನು ಹದಿನೈದು ದಿನಕ್ಕೆ ಮತ್ತೆ ಭೇಟಿ ಇದೆ. ಈ ಸಲ ಅಪ್ಪನೇ ಕೂತು ಮಾತಾಡಬೇಕು, ಅವರ ಮಾತು ಅಲ್ಲಿ ಲೆಕ್ಕಕ್ಕೆ ಬರಬೇಕು. ಹೇಗೆ ಮಾಡಲಿ? ಯಾರ ಮೇಲೂ ಜಗಳಕ್ಕೆ ಹೋಗುವ ಮನಸ್ಸಿಲ್ಲ. ನಾನೂ ಕೇಳಲಿಲ್ಲವಲ್ಲ ಅನ್ನೋದೇ ದಿನಾ ಕೊರೆಯುತ್ತಿದೆ.

ರಾತ್ರಿಪಾಳಿ

ನೂಲುಂಡೆ ಅವರೇ, ನಾನು ಡಯಾಲಿಸಿಸ್ ವಾರ್ಡಿನಲ್ಲಿ ನರ್ಸ್. ಮೊದಲು ತುರ್ತಿನ ಮಾತು. ಬೆರಳು ತಣ್ಣಗಾಗುವುದು, ಹಿಡಿತ ಕಮ್ಮಿಯಾಗುವುದು ಅಂದಿರಲ್ಲ, ಅದಕ್ಕೆ ಹದಿನೈದು ದಿನ ಕಾಯಬೇಡಿ. ನಾಳೆಯೇ ಫೋನ್ ಮಾಡಿ ಹೇಳಿ. ಫಿಸ್ಟುಲಾ ಕಡೆಗೆ ರಕ್ತ ಜಾಸ್ತಿ ಎಳೆದುಕೊಂಡು ಬೆರಳಿಗೆ ಕಮ್ಮಿ ಹೋಗುತ್ತಿರಬಹುದು. ಹೆಚ್ಚಿನವರಿಗೆ ಅದು ಸೌಮ್ಯವಾಗಿಯೇ ಇರುತ್ತದೆ. ಆದರೆ ನೋವು, ಜೋಮು ಜಾಸ್ತಿಯಾದರೆ, ಬೆರಳಿನ ಬಣ್ಣ ಬದಲಾದರೆ, ಹುಣ್ಣಾದರೆ ಒಂದು ದಿನವೂ ತಡ ಮಾಡಬಾರದು.

ಇನ್ನು ಕೈ ವಿಷಯ. ಸಾಮಾನ್ಯವಾಗಿ ಕೆಲಸಕ್ಕೆ ಕಮ್ಮಿ ಬಳಸುವ ಕೈಗೇ ಫಿಸ್ಟುಲಾ ಮಾಡುವುದು. ಹೆಚ್ಚಿನವರು ಬಲಗೈಯವರು, ಹಾಗಾಗಿ ಎಡಗೈ ಅನ್ನೋದು ಎಲ್ಲರಿಗೂ ಬಾಯಿಪಾಠ ಆಗಿಬಿಟ್ಟಿದೆ. ಕೆಲವರಿಗೆ ಆ ಕೈಯ ನಾಳ ಸರಿಯಿರುವುದಿಲ್ಲ, ಆಗ ಕೆಲಸದ ಕೈಗೇ ಮಾಡಬೇಕಾಗುತ್ತದೆ. ಆದರೆ ಅದನ್ನು ಮೊದಲೇ ಕೂರಿಸಿ ಹೇಳಬೇಕಿತ್ತು.

ಮನೆಯಲ್ಲಿ ಮಾಡುವುದಕ್ಕೆ ಪೆರಿಟೋನಿಯಲ್ ಡಯಾಲಿಸಿಸ್ ಅನ್ನುತ್ತಾರೆ. ಹೊಟ್ಟೆಗೆ ಒಂದು ಮೆತ್ತನೆಯ ಟ್ಯೂಬ್ ಇಡುತ್ತಾರೆ. ಅದರಿಂದ ಒಳಗೆ ದ್ರವ ಬಿಟ್ಟು, ಕೆಲವು ಗಂಟೆ ಇರಗೊಟ್ಟು, ಹೊರಗೆ ತೆಗೆಯುವುದು. ಕೈಯಿಂದಲೇ ಮಾಡಿದರೆ ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ, ಒಂದೊಂದಕ್ಕೂ ಸುಮಾರು ಅರ್ಧ ಗಂಟೆ. ಮಿಷನ್ ಇಟ್ಟುಕೊಂಡರೆ ರಾತ್ರಿ ಮಲಗಿದ್ದಾಗ 8ರಿಂದ 10 ಗಂಟೆ ಅದೇ ಮಾಡುತ್ತದೆ. ನಮ್ಮ ವಾರ್ಡಿಗೆ ಬರುವುದಾದರೆ ವಾರಕ್ಕೆ ಮೂರು ದಿನ, ಪ್ರತಿ ಸಲ ಸುಮಾರು 4 ಗಂಟೆ. ಬಂದು ಹೋಗುವ ಹೊತ್ತು ಬೇರೆ. ಮುಗಿದ ದಿನ ಸುಸ್ತು ಇರುತ್ತದೆ, ಹಲವರು ಸಂಜೆವರೆಗೂ ಮಲಗಿಬಿಡುತ್ತಾರೆ. ಆಯುಷ್ಯದ ಲೆಕ್ಕದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದೆಲ್ಲ ದಿನ ಹೇಗೆ ಕಳೆಯುತ್ತದೆ ಅನ್ನುವುದರಲ್ಲಿ.

ಮನೆಯದೇ ಸುಲಭ ಅಂತಲೂ ನಾನು ಹೇಳಲ್ಲ. ಪ್ರತಿ ಸಲ ಕೈ ತೊಳೆಯುವುದರಲ್ಲಿ ಸ್ವಲ್ಪ ಮೈಮರೆತರೂ ಹೊಟ್ಟೆಯೊಳಗೆ ಸೋಂಕಾಗಬಹುದು. ಮೊದಲು ಹೊಟ್ಟೆಯ ದೊಡ್ಡ ಆಪರೇಷನ್ ಆಗಿದ್ದರೆ ಕೆಲವರಿಗೆ ಆಗಿಬರುವುದಿಲ್ಲ. ವಾರದಲ್ಲಿ ಒಂದು ದಿನವೂ ಪೂರ್ತಿ ರಜೆ ಅಂತ ಇರುವುದಿಲ್ಲ. ಕೆಲವರು ಇದನ್ನೆಲ್ಲ ಕೇಳಿ, "ಬೇಡಮ್ಮ, ನಾನು ಇಲ್ಲಿಗೇ ಬರುತ್ತೇನೆ, ನೀವೇ ಮಾಡಿ" ಅನ್ನುತ್ತಾರೆ. ಅದೂ ಸರಿಯೇ. ಹೇಳಿದ ಮೇಲೆ ಬೇಡ ಅಂದರು, ಹೇಳದೆ ಮುಚ್ಚಿಡಲಿಲ್ಲ, ಅಲ್ವಾ?

ಬಿಳಿಕೋಟು

ನಾನು ಡಾಕ್ಟರ್, ಕಿಡ್ನಿ ವಿಭಾಗ ಅಲ್ಲ. ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಸಹಿ ಹಾಕುವವರ ಕೈ ನೋಡದೆ ಎಷ್ಟು ಫಾರಂ ನಾನೇ ತೆಗೆದುಕೊಂಡಿದ್ದೇನೋ ಅನ್ನಿಸಿತು.

1984ರಲ್ಲಿ ಇಬ್ಬರು ಸಂಶೋಧಕರು ಡಾಕ್ಟರ್ ಭೇಟಿಗಳ ಧ್ವನಿಮುದ್ರಣ ಕೇಳಿ ಅಳೆದರು. ರೋಗಿ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ಮಧ್ಯೆ ಬಾಯಿ ಹಾಕುತ್ತಿದ್ದರು. 2018ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಡಾಕ್ಟರ್ ಅಡ್ಡ ಬಂದ ಭೇಟಿಗಳಲ್ಲಿ ಅರ್ಧದಷ್ಟು ಕಡೆ ಬರೀ 11 ಸೆಕೆಂಡಿನೊಳಗೇ ಬಂದಿದ್ದರು. ನಿಮ್ಮಪ್ಪನಂಥವರು ಗಂಟಲು ಸರಿಮಾಡಿಕೊಳ್ಳುವುದಕ್ಕೇ ಅಷ್ಟು ಹೊತ್ತು ಬೇಕು.

ಟೈಮ್ ಇಲ್ಲ ಅಂತ ನಾವೆಲ್ಲ ಹೇಳುತ್ತೇವೆ. ಆಯ್ಕೆಗಳನ್ನು ಚಿತ್ರ, ಸಂಖ್ಯೆ ಸಮೇತ ರೋಗಿಗೆ ತಿಳಿಸುವ ಪುಸ್ತಿಕೆ, ವಿಡಿಯೊಗಳ ಬಗ್ಗೆ 2017ರಲ್ಲಿ ಕೊಕ್ರೇನ್ ವಿಮರ್ಶೆ ಬಂತು (ಕೊಕ್ರೇನ್ ಅಂದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ). ಅದರಲ್ಲಿ 105 ಅಧ್ಯಯನಗಳನ್ನು ಒಟ್ಟಿಗೆ ನೋಡಿದ್ದರು. ರೋಗಿಗಳಿಗೆ ವಿಷಯ ಚೆನ್ನಾಗಿ ಗೊತ್ತಾಗಿತ್ತು, ಅಪಾಯದ ಅಂದಾಜು ಸರಿಯಾಗಿತ್ತು. ಭೇಟಿ ಉದ್ದವಾಗಿದ್ದು ಎರಡೂವರೆ ನಿಮಿಷದ ಆಸುಪಾಸು. ಅಷ್ಟನ್ನು ನಾವು ಹೊಂದಿಸಬಹುದು.

ಎಲ್ಲ ನಿರ್ಧಾರವೂ ಒಂದೇ ಥರ ಅಲ್ಲ. ರಕ್ತ ಸುರಿಯುತ್ತಾ ಪ್ರಜ್ಞೆ ತಪ್ಪಿ ಬಂದವರ ಹತ್ತಿರ ಚರ್ಚೆಗೆ ಕೂರಲಾಗದು. ಆದರೆ ಸರಿಯಾದ ದಾರಿ ಎರಡಿರುವ ಸಂದರ್ಭ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ. ಅಪೆಂಡಿಸೈಟಿಸ್ ತೆಗೆದುಕೊಳ್ಳಿ. ಕತ್ತರಿಸಿ ತೆಗೆಯುವುದೊಂದೇ ದಾರಿ ಅಂತ ನಾನು ಓದಿದ್ದು. 2020ರಲ್ಲಿ ಅಮೆರಿಕದಲ್ಲಿ 1,552 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಬರೀ ಆಂಟಿಬಯಾಟಿಕ್ ತೆಗೆದುಕೊಂಡ 10 ಜನರಲ್ಲಿ ಸುಮಾರು 7 ಜನಕ್ಕೆ ಮೊದಲ 90 ದಿನದಲ್ಲಿ ಆಪರೇಷನ್ ಬೇಕಾಗಲಿಲ್ಲ, 3 ಜನಕ್ಕೆ ಬೇಕಾಯಿತು. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಜನಕ್ಕೆ ಬೇಕಾಯಿತು. ಇದನ್ನು ಕೇಳಿದ ಒಬ್ಬರು 'ಈಗಲೇ ತೆಗೆದುಬಿಡಿ, ನೋವು ಮತ್ತೆ ಬರುತ್ತಾ ಅಂತ ಕಾಯೋಕಾಗಲ್ಲ' ಅನ್ನಬಹುದು. ಇನ್ನೊಬ್ಬರು 'ಮುಂದಿನ ವಾರ ಪರೀಕ್ಷೆ ಇದೆ, ಮಾತ್ರೆ ಕೊಡಿ' ಅನ್ನಬಹುದು. ಯಾರದು ತಪ್ಪು? ಪುಸ್ತಕ ನನಗೆ ಗೊತ್ತು. ಮುಂದಿನ ವಾರದ ಪರೀಕ್ಷೆ ಅವರಿಗೆ ಮಾತ್ರ ಗೊತ್ತು.

ಕೊನೆಗೆ ಒಂದು ಕಿವಿಮಾತು. 'ಈ ಮಾತ್ರೆಯಿಂದ ಅಪಾಯ ಅರ್ಧಕ್ಕೆ ಇಳಿಯುತ್ತೆ' ಅಂದರೆ, 'ಎಷ್ಟರಿಂದ ಎಷ್ಟಕ್ಕೆ?' ಅಂತ ಕೇಳಿ. 100ರಲ್ಲಿ 40 ಇದ್ದದ್ದು 20ಕ್ಕೆ ಬಂದರೂ ಅರ್ಧವೇ. 2 ಇದ್ದದ್ದು 1ಕ್ಕೆ ಬಂದರೂ ಅರ್ಧವೇ. ಎರಡನೆಯದರಲ್ಲಿ 100 ಜನ ಮಾತ್ರೆ ತಿಂದರೆ ಒಬ್ಬರಿಗೆ ಉಪಯೋಗ. ಸೈಡ್ ಎಫೆಕ್ಟ್ ಸಾಧ್ಯತೆ ಮಾತ್ರ ನೂರೂ ಜನಕ್ಕೆ.

ಹೊಂಗೆನೆರಳು

ನನ್ನ ಅನುಭವ ಹೇಳುತ್ತೇನೆ. ಸ್ತನ ಕ್ಯಾನ್ಸರ್, ಶುರುವಿನ ಹಂತ. ಸರ್ಜನ್ ಮೇಡಂ ಒಂದು ಹಾಳೆ ತೆಗೆದುಕೊಂಡು ಮಧ್ಯಕ್ಕೆ ಗೆರೆ ಎಳೆದರು. ಒಂದು ಕಡೆ, ಗಡ್ಡೆ ಮಾತ್ರ ತೆಗೆದು ಆಮೇಲೆ ರೇಡಿಯೇಷನ್. ಇನ್ನೊಂದು ಕಡೆ, ಪೂರ್ತಿ ಸ್ತನ ತೆಗೆಯುವುದು. 20 ವರ್ಷ ರೋಗಿಗಳನ್ನು ಗಮನಿಸಿದ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ 2002ರಲ್ಲಿ ಬಂದಿದೆ, ಒಂದು ಅಮೆರಿಕದ್ದು, ಒಂದು ಇಟಲಿಯದು, ಬದುಕುಳಿಯುವ ಲೆಕ್ಕದಲ್ಲಿ ಎರಡೂ ಸಮ ಅಂದರು. ಉಳಿಸಿಕೊಂಡರೆ ಅದೇ ಜಾಗದಲ್ಲಿ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ಅಂತಲೂ ಹೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು, "ನಿಮ್ಮ ಮನೆಯಲ್ಲಿ ದಿನ ಹೇಗೆ ಶುರುವಾಗುತ್ತೆ ಹೇಳಿ" ಅಂದರು.

ನನಗೆ ನಡೆಯಲಾಗದ ಮಗ ಇದ್ದಾನೆ. ಬೆಳಿಗ್ಗೆ ಅವನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಕುರ್ಚಿಗೆ ಕೂರಿಸುವವಳು ನಾನೊಬ್ಬಳೇ. ಆಪರೇಷನ್ ಆದ ಕೆಲವು ವಾರ ಭಾರ ಎತ್ತುವಂತಿಲ್ಲ, ಅಷ್ಟಕ್ಕೆ ತಮ್ಮ ಬಂದಿರುತ್ತಾನೆ. ಆದರೆ ಅದರ ಮೇಲೆ ವಾರಕ್ಕೆ ಐದು ದಿನದಂತೆ ವಾರಗಟ್ಟಲೆ ರೇಡಿಯೇಷನ್‌ಗೆ ಓಡಾಡುವುದು ನನ್ನಿಂದ ಆಗದ ಮಾತು. ನನ್ನ ಗಡ್ಡೆಗೆ, ಪೂರ್ತಿ ತೆಗೆದರೆ ರೇಡಿಯೇಷನ್ ಬೇಡ ಅಂದಿದ್ದರು. ತೆಗೆಸಿದೆ. ಪಕ್ಕದ ಹಾಸಿಗೆಯಲ್ಲಿದ್ದವರು ಮಕ್ಕಳಿಗೆ ಈಜು ಕಲಿಸುವವರು. ಅವರು ಉಳಿಸಿಕೊಂಡರು. ಇಬ್ಬರೂ ಒಂದೇ ವಾರ ಮನೆಗೆ ಹೋದೆವು, ಇಬ್ಬರಿಗೂ ಪಶ್ಚಾತ್ತಾಪ ಇಲ್ಲ.

ಆ ಒಂದು ಪ್ರಶ್ನೆ ಕೇಳದೆ ಇದ್ದಿದ್ದರೆ, 'ಉಳಿಸಿಕೊಳ್ಳೋದೇ ಒಳ್ಳೇದು' ಅಂತ ಅವರೇ ಬರೆದುಬಿಡುತ್ತಿದ್ದರು. ನಾನೂ ತಲೆ ಆಡಿಸುತ್ತಿದ್ದೆ.

ಒಂಟಿಮರ

ನಾನು ಬೇರೆ ಮಾತು ಹೇಳಬೇಕು, ಬೇಜಾರಾಗಬೇಡಿ. ನನ್ನ ಹೆಂಡತಿ ಐಸಿಯುನಲ್ಲಿದ್ದಾಗ ಒಬ್ಬರು ಡಾಕ್ಟರ್ ಹೊರಗೆ ಬಂದು ಮೂರು ಆಯ್ಕೆ ಹೇಳಿದರು. "ಅರ್ಧ ಗಂಟೆಯಲ್ಲಿ ಹೇಳಿ" ಅಂದು ಒಳಗೆ ಹೋದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರೆ, "ಅದು ನಾನು ಹೇಳೋ ಹಾಗಿಲ್ಲ" ಅಂದರು. ನಾನು ಓದಿರುವುದು ಹತ್ತನೇ ತರಗತಿ. ಆ ಅರ್ಧ ಗಂಟೆ ಗೋಡೆಗೆ ಒರಗಿ ನಿಂತಿದ್ದೆ. ಅವಳು ಉಳಿಯಲಿಲ್ಲ. ಬೇರೆ ಆಯ್ಕೆ ಹೇಳಿದ್ದರೆ ಉಳಿಯುತ್ತಿದ್ದಳಾ ಅನ್ನೋ ಪ್ರಶ್ನೆ ಏಳು ವರ್ಷದಿಂದ ನನ್ನ ಜೊತೆ ಮಲಗಿ ನನ್ನ ಜೊತೆ ಏಳುತ್ತಿದೆ.

ಇದನ್ನು ರೋಗಿಯ ಹಕ್ಕು ಅಂತ ಕರೆದರೆ, ಆ ಹಕ್ಕು ನನಗೆ ಬೇಡ.

ಬಿಳಿಕೋಟು

ಒಂಟಿಮರ ಅಣ್ಣ, ನಿಮಗೆ ಆದದ್ದು ತಪ್ಪು. ಆಯ್ಕೆಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ಜೊತೆಗೂಡಿ ನಿರ್ಧರಿಸುವುದಲ್ಲ. 1997ರಲ್ಲಿ ಈ ವಿಷಯಕ್ಕೆ ಒಂದು ಚೌಕಟ್ಟು ಕೊಟ್ಟ ಕೆನಡಾದ ಸಂಶೋಧಕರು ಇದನ್ನೇ ಬಿಡಿಸಿ ಹೇಳಿದ್ದರು. ಕಮ್ಮಿ ಅಂದರೂ ಇಬ್ಬರು ಇರಬೇಕು, ಇಬ್ಬರೂ ಗೊತ್ತಿರುವುದನ್ನು ಹಂಚಿಕೊಳ್ಳಬೇಕು, ಕೊನೆಯ ತೀರ್ಮಾನವನ್ನು ಇಬ್ಬರೂ ಒಪ್ಪಬೇಕು. 'ನಿಮ್ಮ ಹೆಂಡತಿಗೆ ಯಾವುದು ಮುಖ್ಯವಾಗಿತ್ತು, ಯಾವುದಕ್ಕೆ ಹೆದರುತ್ತಿದ್ದರು' ಅಂತ ಕೇಳಿ, ಅದನ್ನು ಕೇಳಿಸಿಕೊಂಡು, 'ಹಾಗಾದರೆ ನನಗೆ ಇದು ಸರಿ ಅನ್ನಿಸುತ್ತೆ' ಅಂತ ಹೇಳುವ ಜವಾಬ್ದಾರಿ ಡಾಕ್ಟರದ್ದು. 'ನೀವೇ ನಿರ್ಧರಿಸಿ' ಅನ್ನುವುದು ಕೂಡ ರೋಗಿಯ ಆಯ್ಕೆಯೇ, ಅದನ್ನೂ ಗೌರವಿಸಬೇಕು. ಆವತ್ತು ನಿಮ್ಮ ಪಕ್ಕ ಯಾರಾದರೂ ಕೂರಬೇಕಿತ್ತು.

ನೀಲಿಕೊಡೆ

ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದಾಗ ನಾವು ಮೂವರು ಮಕ್ಕಳು ಸೇರಿ ಮುಚ್ಚಿಟ್ಟೆವು. 'ತಡೆದುಕೊಳ್ಳಲ್ಲ' ಅಂತ. ಡಾಕ್ಟರಿಗೂ ಹೇಳಬೇಡಿ ಅಂದೆವು, ಅವರೂ ಒಪ್ಪಿಕೊಂಡರು. ಹುಣ್ಣು ಅಂತ ಹೇಳಿದೆವು. ಐದು ತಿಂಗಳು ಅಮ್ಮ ಏನೂ ಕೇಳಲಿಲ್ಲ. ಕೊನೆಗೆ ಒಂದು ರಾತ್ರಿ, "ವಾರ್ಡಿನ ಬಾಗಿಲ ಮೇಲೆ ಬರೆದಿರೋದು ನನಗೂ ಓದೋಕೆ ಬರುತ್ತೆ ಕಣೇ. ನೀವು ಹೆದರ್ತೀರಾ ಅಂತ ಸುಮ್ನಿದ್ದೆ" ಅಂದರು. ನಮ್ಮನ್ನು ಕಾಪಾಡಲು ಅವರು, ಅವರನ್ನು ಕಾಪಾಡಲು ನಾವು. ಅಷ್ಟರಲ್ಲಿ ಕೊನೆಯ ಎರಡು ಕೀಮೊ ಮುಗಿದಿತ್ತು. 'ಮೊದಲೇ ಹೇಳಿದ್ದರೆ ಆ ಎರಡು ಬೇಡ ಅನ್ನುತ್ತಿದ್ದೆ, ಅಕ್ಕನ ಮನೆಗೆ ಹೋಗಿ ಇದ್ದು ಬರುತ್ತಿದ್ದೆ' ಅಂದರು. ಆಮೇಲೆ ಪ್ರಯಾಣ ಮಾಡುವ ಶಕ್ತಿ ಇರಲಿಲ್ಲ.

ಆಮೇಲೆ ಇದರ ಬಗ್ಗೆ ಹುಡುಕಿ ಓದಿದೆ. 1961ರಲ್ಲಿ ಅಮೆರಿಕದ ಡಾಕ್ಟರುಗಳನ್ನು ಕೇಳಿದಾಗ ಸುಮಾರು ಶೇ 90 ಮಂದಿ ಕ್ಯಾನ್ಸರ್ ಅಂತ ರೋಗಿಗೆ ಹೇಳದಿರುವುದೇ ಮೇಲು ಅಂದಿದ್ದರು. 1979ರಲ್ಲಿ ಅದೇ ಪ್ರಶ್ನೆ ಕೇಳಿದಾಗ ಶೇ 97 ಮಂದಿ ಹೇಳುತ್ತೇವೆ ಅಂದರು. ಹದಿನೆಂಟೇ ವರ್ಷ. ಡಾಕ್ಟರುಗಳ ಮನಸ್ಸು ಅಷ್ಟು ಬದಲಾಯಿತು. ಮನೆಯವರ ಮನಸ್ಸು, ನನ್ನದೂ ಸೇರಿ, ಬದಲಾಗಲಿಲ್ಲ.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ. ಎಲ್ಲವನ್ನೂ ಒಂದೇ ಸಲ ಸುರಿಯಬೇಡಿ. 'ನಿಮಗೆ ಎಷ್ಟು ತಿಳಿದುಕೊಳ್ಳಬೇಕು ಅನ್ನಿಸುತ್ತೆ?' ಅಂತ ಮೊದಲು ಅವರನ್ನೇ ಕೇಳಿ.

ಕಟಕಟೆ

ಕಾನೂನಿನ ಕಡೆಯಿಂದ ಚಿಕ್ಕದಾಗಿ. ಬುದ್ಧಿ ಸ್ಥಿಮಿತದಲ್ಲಿರುವ ಪ್ರತಿ ವಯಸ್ಕರಿಗೂ ತಮ್ಮ ದೇಹಕ್ಕೆ ಏನು ಮಾಡಬೇಕು ಅಂತ ನಿರ್ಧರಿಸುವ ಹಕ್ಕಿದೆ ಅಂತ 1914ರಲ್ಲೇ ನ್ಯೂಯಾರ್ಕಿನ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ ಬರೆದಿದ್ದರು. 2008ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಮುಂದೆ ಒಂದು ಪ್ರಕರಣ ಬಂತು. ಕೊಳವೆ ಹಾಕಿ ಪರೀಕ್ಷೆ ಮಾಡುವುದಕ್ಕೆ ಒಪ್ಪಿಗೆ ಕೊಟ್ಟಿದ್ದ ಮಹಿಳೆಗೆ ಅರಿವಳಿಕೆಯಲ್ಲಿದ್ದಾಗಲೇ ಗರ್ಭಕೋಶ, ಅಂಡಾಶಯ ತೆಗೆದಿದ್ದರು. ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದಿದ್ದರು. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ, ಎಚ್ಚರವಾದ ಮೇಲೆ ಆಕೆಯನ್ನೇ ಕೇಳಬೇಕಿತ್ತು, ತಾಯಿಯ ಒಪ್ಪಿಗೆ ಸಾಲದು ಅಂತ ಕೋರ್ಟ್ ಹೇಳಿತು.

ಬ್ರಿಟನ್ನಿನಲ್ಲಿ 2015ರ ಮಾಂಟ್‌ಗೊಮರಿ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಕ್ಕರೆ ಕಾಯಿಲೆ ಇದ್ದ ಗರ್ಭಿಣಿ. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ ಶೇ 9ರಿಂದ 10 ಇತ್ತು, ಡಾಕ್ಟರ್ ಹೇಳಿರಲಿಲ್ಲ. ಮಗುವಿಗೆ ತೀವ್ರ ಹಾನಿಯಾಯಿತು. ಏನು ಹೇಳಬೇಕು ಅನ್ನುವುದನ್ನು ಡಾಕ್ಟರುಗಳ ರೂಢಿ ತೀರ್ಮಾನಿಸುವುದಿಲ್ಲ, ಆ ರೋಗಿಯ ಜಾಗದಲ್ಲಿರುವವರಿಗೆ ಯಾವುದು ಮುಖ್ಯ ಅನ್ನಿಸುತ್ತದೋ ಅದನ್ನು ಹೇಳಲೇಬೇಕು ಅಂದಿತು ಕೋರ್ಟ್. ನೂಲುಂಡೆ ಅವರ ತಂದೆಗೆ ಎಡಗೈ ಮುಖ್ಯ. ಇದೇ ಆ ತೀರ್ಪಿನ ಸಾರ.

ರಾತ್ರಿಪಾಳಿ

ಭೇಟಿಗೆ ಹೋಗುವ ಮುಂಚೆ ಅಪ್ಪನ ಕೈಯಿಂದಲೇ ಪ್ರಶ್ನೆ ಬರೆಸಿ. ನೀವು ಬರೆಯಬೇಡಿ. ನನಗೆ ಯಾವ್ಯಾವ ದಾರಿ ಇದೆ, ಒಂದೊಂದರಲ್ಲೂ ಒಳ್ಳೆಯದೇನು ಕೆಟ್ಟದ್ದೇನು, ನನ್ನಂಥವರಿಗೆ ಅದು ಆಗುವ ಸಾಧ್ಯತೆ ಎಷ್ಟು, ಸದ್ಯಕ್ಕೆ ಏನೂ ಮಾಡದಿದ್ದರೆ ಏನಾಗುತ್ತೆ. ಇಷ್ಟಿದ್ದರೆ ಸಾಕು. ಒಳಗೆ ಡಾಕ್ಟರ ಹತ್ತಿರದ ಕುರ್ಚಿಯಲ್ಲಿ ಅಪ್ಪ ಕೂರಲಿ, ನೀವು ಹಿಂದೆ ಕೂರಿ. ಅವರು ನಿಮ್ಮನ್ನು ನೋಡಿ ಮಾತಾಡಿದರೆ ನೀವು ಅಪ್ಪನ ಮುಖ ನೋಡಿ. ಅವರ ಕಣ್ಣೂ ಅತ್ತ ತಿರುಗುತ್ತದೆ, ನಾನು ಎಷ್ಟೋ ಸಲ ನೋಡಿದ್ದೇನೆ. ಕೊನೆಗೆ ಅಪ್ಪನೇ, 'ನಾನು ಅರ್ಥ ಮಾಡಿಕೊಂಡಿದ್ದು ಹೀಗೆ, ಸರೀನಾ?' ಅಂತ ತಿರುಗಿ ಹೇಳಲಿ. ತಪ್ಪು ತಿಳಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ನೂಲುಂಡೆ

ಹೋಗಿ ಬಂದೆವು. ಎಲ್ಲರಿಗೂ ಹೇಳಬೇಕು ಅನ್ನಿಸಿತು.

ರಾತ್ರಿಪಾಳಿ ಅವರು ಹೇಳಿದ ಮಾರನೇ ದಿನವೇ ಕೈ ತೋರಿಸಿದ್ದೆವು. ಸ್ಕ್ಯಾನ್ ಮಾಡಿದರು. ಬೆರಳಿಗೆ ರಕ್ತ ಸ್ವಲ್ಪ ಕಮ್ಮಿ, ಆದರೆ ಅಪಾಯ ಇಲ್ಲ ಅಂದರು. ಬೆಚ್ಚಗಿಟ್ಟುಕೊಳ್ಳಲು ಹೇಳಿದ್ದಾರೆ, ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ.

ಭೇಟಿಯ ದಿನ ಅಪ್ಪ ಅಳತೆ ಪುಸ್ತಕ ಹಿಡಿದುಕೊಂಡು ಹೊರಟರು. ಎದೆ, ಸೊಂಟ, ತೋಳು ಅಂತ ಬರೆದಿರುವ ಪುಟಗಳ ಹಿಂದೆ ಪ್ರಶ್ನೆ ಬರೆದಿದ್ದರು. ಒಳಗೆ ಹತ್ತಿರದ ಕುರ್ಚಿಯಲ್ಲಿ ಕೂತರು. ಮೊದಲನೆಯದು ಪ್ರಶ್ನೆಯೇ ಅಲ್ಲ. "ಸಾರ್, ನಾನು ಎಡಚ. ಕತ್ತರಿ ಹಿಡಿಯೋದು ಈ ಕೈಲಿ" ಅಂದರು. ಡಾಕ್ಟರ್ ಕಂಪ್ಯೂಟರಿನಿಂದ ಮುಖ ತಿರುಗಿಸಿ ಆ ಕೈ ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದನ್ನು ನಾವು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪಾಯಿತು" ಅಂದರು. ಅಪ್ಪನಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ, "ಇರಲಿ ಬಿಡಿ ಸಾರ್" ಅಂದರು. ನನಗೆ ಗಂಟಲು ಕಟ್ಟಿತು.

ಆಮೇಲೆ ಇಪ್ಪತ್ತು ನಿಮಿಷ ಕೂತು ಮಾತಾಡಿದರು. ಹೊಟ್ಟೆಯ ಆಪರೇಷನ್ ಯಾವುದೂ ಆಗಿಲ್ಲ, ಮನೆಯ ಡಯಾಲಿಸಿಸ್ ಆಗಬಹುದು ಅಂದರು. "ನಿಮ್ಮ ಮಾತು ಕೇಳಿದ ಮೇಲೆ ನನಗೂ ಅದೇ ಸರಿ ಅನ್ನಿಸುತ್ತೆ, ಆದರೆ ಅವಸರ ಇಲ್ಲ" ಅಂದರು. ಅಪ್ಪ ಎರಡು ವಾರ ಟೈಮ್ ಕೇಳಿದರು, ಕೊಟ್ಟರು. ರಾತ್ರಿ ಮಿಷನ್ ಹಾಕಿಕೊಳ್ಳುವ ಒಬ್ಬರ ಮನೆಗೆ, ಅವರ ಒಪ್ಪಿಗೆ ಕೇಳಿ, ಶನಿವಾರ ಹೋಗುತ್ತಿದ್ದೇವೆ.

ಅಪ್ಪ ನಿನ್ನೆ ಇನ್ನೊಂದು ಪ್ರಶ್ನೆ ಬರೆದಿದ್ದಾರೆ, ನಿಮ್ಮನ್ನು ಕೇಳು ಅಂದರು. ಮಿಷನ್ ಹಾಕಿ ಮಲಗಿದಾಗ ಮಗ್ಗುಲು ಬದಲಿಸಬಹುದಾ? ಅವರು ಎಡಮಗ್ಗುಲಲ್ಲೇ ಮಲಗುವುದು.

ರಾತ್ರಿಪಾಳಿ

ಧಾರಾಳವಾಗಿ ಬದಲಿಸಬಹುದು ಅಂತ ಹೇಳಿ. ಟ್ಯೂಬ್ ಉದ್ದ ಇರುತ್ತದೆ. ಮೈ ಕೆಳಗೆ ಸಿಕ್ಕಿ ಮಡಿಚಿಕೊಂಡರೆ ಮಿಷನ್ ಶಬ್ದ ಮಾಡಿ ಎಬ್ಬಿಸುತ್ತದೆ. ಆದರೆ ಎಡಗೈ ಮೇಲೆ ಭಾರ ಬಿಟ್ಟು ಮಲಗುವುದು ಬೇಡ, ಫಿಸ್ಟುಲಾ ಇದೆಯಲ್ಲ. ಪಕ್ಕಕ್ಕೊಂದು ದಿಂಬು ಇಟ್ಟು ಬಲಮಗ್ಗುಲು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಲಿ. ಶನಿವಾರ ಹೋದಾಗ ಆ ಮನೆಯವರಿಗೆ ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತದೆ ಅಂತ ಅಪ್ಪನೇ ಕೇಳಲಿ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.